ಮಳೆಗಾಲದ ರಸ್ತೆಯಲ್ಲಿ ಕಾರು ನಮ್ಮ ಹಿಡಿತದಲ್ಲಿರಲಿ

(ಮಳೆಗಾಲಕ್ಕೆ ಮುನ್ನ ನಡೆದ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸದಸ್ಯೆಯರಿಗೆ ನೀಡಿದ ಮಾಹಿತಿಯ ಬರಹ ರೂಪ)



ಸಂಘದ ಸಭೆಯಲ್ಲಿ ಕಾರು ಓಡಿಸುವ ವಿಷಯ ಏಕೆ ಎಂದು ಕೆಲವರಿಗೆ ಅನಿಸಬಹುದು. ಉಳಿತಾಯ, ಸಾಲ, ಹೈನುಗಾರಿಕೆ, ಮಲ್ಲಿಗೆ ಕೃಷಿ, ಹೊಲಿಗೆ, ಆರೋಗ್ಯ ಇವೆಲ್ಲ ನಮಗೆ ಅಭ್ಯಾಸವಾದ ವಿಷಯಗಳು. ಆದರೆ ಈಗ ನಿಮ್ಮಲ್ಲಿ ಎಷ್ಟು ಮಂದಿ ಕಾರು, ಓಮ್ನಿ ಅಥವಾ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತೀರಿ ಎಂದು ಕೇಳಿದಾಗ ಎದ್ದ ಕೈಗಳನ್ನು ನೀವೇ ನೋಡಿದಿರಿ. ಡೇರಿಗೆ ಹಾಲು ಕೊಡುವವರು, ಶಾಲೆಗೆ ಮಕ್ಕಳನ್ನು ಬಿಡುವವರು, ಸಂತೆಗೆ ತರಕಾರಿ ಒಯ್ಯುವವರು, ಬಾಡಿಗೆಗೆ ಹೋಗುವವರು ಕೂಡ ಇದ್ದೀರಿ. ಕೆಲವರ ಗಾಡಿಯ ಮುಂಗಡ ಹಣ ನಮ್ಮ ಸಂಘದ ಸಾಲದಿಂದಲೇ ಹೋಗಿದೆ. ಹಾಗಾಗಿ ಇದು ನಮ್ಮ ವಿಷಯವೇ.

ಇನ್ನೂ ಒಂದು ಕಾರಣ ಉಂಟು. ಡ್ರೈವಿಂಗ್ ಕಲಿಯಲು ಹೋದಾಗ ಸಾಮಾನ್ಯವಾಗಿ ಒಂದು ತಿಂಗಳು ಪೇಟೆ ರಸ್ತೆಯಲ್ಲಿ ಗೇರ್, ಕ್ಲಚ್, ಬ್ರೇಕ್ ಕಲಿಸುತ್ತಾರೆ. ಪರೀಕ್ಷೆಯ ದಿನ ಎಂಟು ಹಾಕಿ, ಹಿಂದಕ್ಕೆ ತೆಗೆದು ತೋರಿಸುತ್ತೀರಿ, ಡಿಎಲ್ ಕೈಗೆ ಬರುತ್ತದೆ. ಆದರೆ ಮಳೆ ಹೊಯ್ಯುವಾಗ ಘಾಟಿ ಇಳಿಯುವುದು ಹೇಗೆ, ಗಾಡಿ ಜಾರಿದರೆ ಕೈಕಾಲು ಏನು ಮಾಡಬೇಕು ಎಂದು ಹೇಳಿಕೊಡುವವರು ಕಡಿಮೆ. ನಾವಿರುವ ಮಲೆನಾಡು, ಕರಾವಳಿಯಲ್ಲಿ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ರಸ್ತೆ ಒದ್ದೆಯಾಗಿಯೇ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಬಿಸಿಲಲ್ಲಿ ಮಾತ್ರ ಓಡಿಸಲು ಬಂದರೆ ಅರ್ಧ ಕಲಿತ ಹಾಗೆ.

ಆ ಅರ್ಧ ಕಲಿಕೆಯಿಂದ ಏನಾಗುತ್ತದೆ? ಒಬ್ಬ ಸದಸ್ಯೆ ನನ್ನ ಹತ್ರ ಹೇಳಿದರು, "ಸಿಸ್ಟರ್, ಬೇಸಿಗೆಯಲ್ಲಿ ಗಾಡಿ ನನ್ನದು, ಮಳೆ ಬಂದ್ರೆ ಕೀಲಿ ನಮ್ಮ ಯಜಮಾನ್ರ ಕೈಗೆ ಹೋಗ್ತದೆ." ಕೇಳಿ ಎಲ್ಲರೂ ನಕ್ಕರು. ಆದರೆ ಯೋಚನೆ ಮಾಡಿ. ನಡುರಾತ್ರಿ ಸೊಸೆಗೆ ಹೆರಿಗೆ ನೋವು ಬಂದು, ಮನೆಯಲ್ಲಿ ಗಂಡಸರು ಇಲ್ಲದಿದ್ದರೆ ಆ ಗಾಡಿ ಅಂಗಳದಲ್ಲೇ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ನಾನೇನು ಕಮ್ಮಿ ಎಂದು ಹಠಕ್ಕೆ ಬಿದ್ದು ಕಲಿಯದೆ ಹೊರಟರೆ ಜೀವಕ್ಕೇ ಅಪಾಯ. ಹೆದರಿಕೆಯೂ ಬೇಡ, ಹಠವೂ ಬೇಡ, ತಿಳುವಳಿಕೆ ಬೇಕು.

ಹೆಂಗಸರಿಗೆ ಗಾಡಿ ಆಗಿಬರುವುದಿಲ್ಲ ಎನ್ನುವವರಿಗೆ ಒಂದು ಮಾತು ಹೇಳಿ. ಮೋಟಾರು ಗಾಡಿಯಲ್ಲಿ ಮೊತ್ತಮೊದಲ ದೂರಪ್ರಯಾಣ ಮಾಡಿದ್ದು ಒಬ್ಬ ಹೆಂಗಸು. ಜರ್ಮನಿಯ ಬೆರ್ತಾ ಬೆಂಜ್. 1888ರ ಆಗಸ್ಟ್ ತಿಂಗಳಲ್ಲಿ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ತಯಾರಿಸಿದ ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಸುಮಾರು 100 ಕಿ.ಮೀ. ಹೋದರು. ದಾರಿಯ ಇಳಿಜಾರುಗಳಲ್ಲಿ ಮರದ ಬ್ರೇಕ್ ಸವೆದುಹೋಯಿತು. ಆಗ ಒಬ್ಬ ಚಮ್ಮಾರನ ಹತ್ತಿರ ಬ್ರೇಕಿಗೆ ಚರ್ಮ ಹೊಡೆಸಿಕೊಂಡು ಮುಂದೆ ಹೋದರು. ಬ್ರೇಕ್ ಲೈನಿಂಗ್ ಎಂದು ಈಗ ನಾವು ಹೇಳುವುದರ ಆರಂಭ ಅಲ್ಲಿದೆ. ಅವರು ಬ್ರೇಕ್ ಹೋಗುವವರೆಗೆ ಕಾಯಲಿಲ್ಲ, ಸವೆದದ್ದು ಕಂಡ ಕೂಡಲೇ ಸರಿಮಾಡಿಸಿಕೊಂಡರು. ಇವತ್ತಿನ ನನ್ನ ಮಾತಿನ ಸಾರವೂ ಇದೇ: ಜಾರುವ ರಸ್ತೆಯಲ್ಲಿ ಗಾಡಿ ಹಿಡಿತದಲ್ಲಿ ಇರುವುದು ಜಾರಿದ ಮೇಲೆ ಮಾಡುವ ಸಾಹಸದಿಂದ ಅಲ್ಲ, ಜಾರುವ ಮೊದಲೇ ಮಾಡಿದ ತೀರ್ಮಾನದಿಂದ.

ರಸ್ತೆ ಏಕೆ ಜಾರುತ್ತದೆ?

ಅಷ್ಟು ದೊಡ್ಡ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಜಾಗದಲ್ಲಿ. ಒಂದೊಂದು ಟಯರ್ ರಸ್ತೆಗೆ ತಾಗುವ ಭಾಗ ಹೆಚ್ಚು ಕಡಿಮೆ ನಮ್ಮ ಅಂಗೈಯಷ್ಟು. ನಾಲ್ಕು ಅಂಗೈಯ ಮೇಲೆ ನಮ್ಮ ಮನೆಮಂದಿಯ ಜೀವ ಇದೆ ಎಂದು ನೆನಪಿಡಿ. ಆ ಅಂಗೈಗೂ ರಸ್ತೆಗೂ ನಡುವೆ ನೀರು, ಕೆಸರು, ಎಣ್ಣೆ ಏನು ಬಂದರೂ ಹಿಡಿತ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಮೋಸದ್ದು ಮೊದಲ ಮಳೆ. ಬೇಸಿಗೆಯಿಡೀ ರಸ್ತೆಯ ಮೇಲೆ ಬಿದ್ದ ಎಣ್ಣೆ, ಟಯರಿನ ಪುಡಿ, ಧೂಳು ಎಲ್ಲ ಮೊದಲ ಹನಿಗಳಿಗೆ ಸೇರಿ ಲೋಳೆಯಂತಾಗುತ್ತದೆ. ಜೋರು ಮಳೆ ಬಂದು ತೊಳೆದುಹೋಗುವ ತನಕ ತುಂಬಾ ಜಾಗ್ರತೆ ಬೇಕು. "ಸ್ವಲ್ಪವೇ ಹನಿದದ್ದು" ಎಂದು ಹಗುರ ಮಾಡಬೇಡಿ.

ನಮ್ಮ ಕಡೆಯ ಬೇರೆ ಜಾರುವ ಜಾಗಗಳು ನಿಮಗೆ ಗೊತ್ತೇ ಇವೆ. ಬಿಸಿಲು ಬೀಳದ ತಿರುವಿನ ಅಂಚಿನ ಪಾಚಿ. ಮರದಡಿಯ ಕೊಳೆತ ಎಲೆ. ಗದ್ದೆಯಿಂದ ಟಿಲ್ಲರ್ ಹತ್ತಿ ಬಂದಲ್ಲಿ ಬಿದ್ದ ಕೆಸರು. ತೋಟದ ಮಣ್ಣು ರಸ್ತೆಯೊಂದಿಗೆ ಸೇರುವ ಜಾಗ. ರಸ್ತೆಗೆ ಬಳಿದ ಬಿಳಿ ಪಟ್ಟಿ, ಸೇತುವೆಯ ಕಬ್ಬಿಣದ ಪಟ್ಟಿ. ಸಗಣಿಯನ್ನೂ ಮರೆಯಬೇಡಿ. ಇಂಥ ಜಾಗ ದೂರದಿಂದ ಕಂಡಾಗಲೇ ವೇಗ ಇಳಿಸಿ. ಅದರ ಮೇಲೆ ಗಾಡಿ ಇರುವಾಗ ಬ್ರೇಕ್ ಹಾಕುವುದು, ಸ್ಟೀರಿಂಗ್ ತಿರುಗಿಸುವುದು ಬೇಡ. ನೇರವಾಗಿ ಮೆಲ್ಲಗೆ ದಾಟಿ.

ಹಿಡಿತ ಎಂಬ ಉಳಿತಾಯ ಖಾತೆ

ಹಿಡಿತವನ್ನು ನಮ್ಮ ಪಾಸ್‌ಬುಕ್ಕಿನ ಹಾಗೆ ತಿಳಿಯಿರಿ. ಒಣ ರಸ್ತೆಯಲ್ಲಿ ಖಾತೆಯಲ್ಲಿ 100 ರೂಪಾಯಿ ಇದೆ ಎಂದುಕೊಳ್ಳೋಣ. ಬ್ರೇಕ್ ಹಾಕಿದರೆ ಅದರಿಂದ ಖರ್ಚು. ತಿರುವು ತೆಗೆದರೆ ಖರ್ಚು. ವೇಗ ಹೆಚ್ಚಿಸಿದರೂ ಖರ್ಚು. ಮಳೆ ಬಂದಾಗ ಅದೇ ಖಾತೆಯಲ್ಲಿ 50 ರೂಪಾಯಿ ಮಾತ್ರ, ಕೆಸರಿದ್ದರೆ ಅದಕ್ಕೂ ಕಡಿಮೆ. ಈಗ ತಿರುವಿನ ಮಧ್ಯದಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದರೆ ಏನಾಗುತ್ತದೆ? ತಿರುವಿಗೆ 30 ಬೇಕು, ಬ್ರೇಕಿಗೆ 40 ಬೇಕು, ಖಾತೆಯಲ್ಲಿ ಇರುವುದು 50. ಇಲ್ಲಿ ಸಾಲ ಕೊಡುವವರು ಯಾರೂ ಇಲ್ಲ. ಗಾಡಿ ಜಾರುತ್ತದೆ.

ಹಾಗಾದರೆ ಉಪಾಯ ಏನು? ಎರಡು ಖರ್ಚು ಒಟ್ಟಿಗೆ ಮಾಡಬೇಡಿ. ನೇರ ರಸ್ತೆಯಲ್ಲೇ ಬ್ರೇಕ್ ಹಾಕಿ, ಗೇರ್ ಇಳಿಸಿ, ಆಮೇಲೆ ಬ್ರೇಕ್ ಬಿಟ್ಟು ತಿರುವು ತೆಗೆಯಿರಿ. ಚಕ್ರ ನೇರವಾದ ಮೇಲೆ ಮೆಲ್ಲಗೆ ವೇಗ ಹೆಚ್ಚಿಸಿ. ಒಂದಾದ ಮೇಲೆ ಒಂದು.

ಇದು ನಿಮಗೆ ಹೊಸತಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಸೊಂಟಕ್ಕೆ ಕೊಡಪಾನ ಇಟ್ಟುಕೊಂಡು ಹೇಗೆ ನಡೆಯುತ್ತೀರಿ? ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಿ, ತಟ್ಟನೆ ತಿರುಗದೆ, ತಟ್ಟನೆ ನಿಲ್ಲದೆ. ಕಾರಿಗೂ ಅದೇ ನಡಿಗೆ. ಸ್ಟೀರಿಂಗ್, ಬ್ರೇಕ್, ಕ್ಲಚ್, ಎಕ್ಸಲೇಟರ್ ಎಲ್ಲವೂ ಮೆಲ್ಲಗೆ. ತಟ್ಟನೆ ಮಾಡಿದ ಕೆಲಸವೇ ಜಾರಿಸುವುದು.

ವೇಗದ ಲೆಕ್ಕ

ಲೆಕ್ಕ ಬರೆಯುವುದರಲ್ಲಿ ನೀವು ಹುಷಾರು, ಇದನ್ನೂ ಬರೆದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ದನ ಅಡ್ಡ ಬಂದದ್ದನ್ನು ಕಣ್ಣು ಕಂಡು, ಕಾಲು ಬ್ರೇಕಿಗೆ ಬರುವಾಗ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ. ಅಂದರೆ ಬ್ರೇಕ್ ಹಿಡಿಯುವ ಮೊದಲೇ 11 ಮೀಟರ್ ಹೋಯಿತು. ಆ ಮೇಲೆ ಗಾಡಿ ನಿಲ್ಲಲು ಒಣ ಟಾರು ರಸ್ತೆಯಲ್ಲಿ ಇನ್ನೂ 9-10 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ ಅದರ ಎರಡರಷ್ಟು ಬೇಕಾಗಬಹುದು.

ಇನ್ನೊಂದು ಮುಖ್ಯ ಸಂಗತಿ. ವೇಗ ಎರಡು ಪಟ್ಟು ಆದರೆ ಬ್ರೇಕಿನ ದೂರ ನಾಲ್ಕು ಪಟ್ಟು ಆಗುತ್ತದೆ. 30ರ ವೇಗದಲ್ಲಿ ನಿಲ್ಲಲು ಬೇಕಾದ ದೂರಕ್ಕಿಂತ 60ರಲ್ಲಿ ನಾಲ್ಕರಷ್ಟು ಬೇಕು. ವೇಗ ಸ್ವಲ್ಪ ಇಳಿಸಿದರೂ ಲಾಭ ಬಹಳ ಎಂದು ಇದರ ಅರ್ಥ.

ಮುಂದಿನ ಗಾಡಿಗೂ ನಿಮಗೂ ಎಷ್ಟು ಅಂತರ ಇರಬೇಕು? ಮುಂದಿನ ಗಾಡಿ ಒಂದು ಕರೆಂಟು ಕಂಬ ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಿ. ಒಣ ರಸ್ತೆಯಲ್ಲಿ ಎರಡು ಎಣಿಸುವ ತನಕ ನೀವು ಆ ಕಂಬ ತಲುಪಬಾರದು. ಮಳೆಯಲ್ಲಿ ನಾಲ್ಕು ಎಣಿಸಬೇಕು. ನಡುವಿನ ಜಾಗಕ್ಕೆ ಇನ್ನೊಬ್ಬ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿದು ಎಣಿಸಿ.

ಹೊರಡುವ ಮೊದಲು

1. ಟಯರ್: ಕಾರಿನ ಟಯರಿನ ಗ್ರಿಪ್ ಕನಿಷ್ಠ 1.6 ಮಿ.ಮೀ. ಆಳ ಇರಬೇಕು ಎಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಟಯರಿನ ಗೀರುಗಳ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಟಯರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಬದಲಿಸುವ ಕಾಲ ಬಂತು. ಮಳೆಗಾಲಕ್ಕೆ ಅದಕ್ಕಿಂತ ಮೊದಲೇ ಬದಲಿಸುವುದು ಒಳ್ಳೆಯದು. ಗೀರುಗಳ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ಬೋಳು ಟಯರಿಗೆ ಆ ಶಕ್ತಿ ಇಲ್ಲ.

2. ಗಾಳಿ: ಎಷ್ಟು ಗಾಳಿ ಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ. ಟಯರ್ ತಣ್ಣಗಿರುವಾಗ ನೋಡಿಸಿ. ಮಳೆಗಾಲಕ್ಕೆಂದು ಗಾಳಿ ಕಡಿಮೆ ಮಾಡಬೇಡಿ.

3. ವೈಪರ್, ಲೈಟ್, ಬ್ರೇಕ್: ವೈಪರ್ ರಬ್ಬರ್ ಬಿಸಿಲಿಗೆ ಒಣಗಿ ಬಿರಿದಿರುತ್ತದೆ. ಅದರ ಬೆಲೆ ದೊಡ್ಡದಲ್ಲ. ಹಿಂದಿನ ಬ್ರೇಕ್ ಲೈಟ್ ಉರಿಯುತ್ತದೋ ಇಲ್ಲವೋ ಮಕ್ಕಳನ್ನು ಹಿಂದೆ ನಿಲ್ಲಿಸಿ ಕೇಳಿ. ಬ್ರೇಕ್ ಹಾಕುವಾಗ ಗಾಡಿ ಒಂದು ಬದಿಗೆ ಎಳೆದರೆ ಮೆಕ್ಯಾನಿಕ್‌ಗೆ ತೋರಿಸದೆ ಹೊರಡಬೇಡಿ.

4. ನಮ್ಮ ಕಾಲು: ಒದ್ದೆ ಹವಾಯಿ ಚಪ್ಪಲಿ ಪೆಡಲ್ ಮೇಲಿಂದ ಜಾರುತ್ತದೆ. ಕೆಸರು ಮೆತ್ತಿದ್ದರೆ ಒರೆಸಿ ಹತ್ತಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಸೀರೆಯ ನೆರಿಗೆ ಪೆಡಲಿಗೆ ಸಿಕ್ಕದಂತೆ ಸ್ವಲ್ಪ ಎತ್ತಿ ಸಿಕ್ಕಿಸಿ. ಕಾಲ ಬುಡದಲ್ಲಿ ನೀರಿನ ಬಾಟಲಿ, ಕೊಡೆ ಇಡಬೇಡಿ. ಉರುಳಿ ಬ್ರೇಕಿನ ಅಡಿಗೆ ಹೋದರೆ ಕಷ್ಟ.

5. ಸೀಟ್ ಬೆಲ್ಟ್: ಹಿಂದೆ ಕೂತವರಿಗೂ ಬೇಕು. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸುವುದು ಬೇಡವೇ ಬೇಡ.

ಘಾಟಿಯಲ್ಲಿ, ಮಂಜಿನಲ್ಲಿ

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಚಾರ್ಮಾಡಿ, ಶಿರಾಡಿ, ಸಂಪಾಜೆ, ಯಾವುದೇ ಇರಲಿ, ಸೂತ್ರ ಒಂದೇ: ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ಎರಡನೇ ಗೇರಿನಲ್ಲಿ ಇಳಿಯುವಾಗ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ವಿಶ್ರಾಂತಿ ಸಿಗುತ್ತದೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಬಿಸಿಯಾಗಿ ಕೊನೆಗೆ ಹಿಡಿಯದಂತಾಗುತ್ತದೆ. ಗೇರ್ ಇಳಿಸಿದಾಗ ಕ್ಲಚ್ಚನ್ನು ಮೆಲ್ಲಗೆ ಬಿಡಿ. ತಟ್ಟನೆ ಬಿಟ್ಟರೆ ಚಕ್ರ ಎಳೆದು ಜಾರಬಹುದು.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರು, ಇಂಜಿನ್ ಬಂದ್ ಮಾಡಿ ಇಳಿಸುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಇಂಜಿನ್ ಬಂದ್ ಆದರೆ ಬ್ರೇಕಿಗೂ ಪವರ್ ಸ್ಟೀರಿಂಗಿಗೂ ಸಿಗುವ ಸಹಾಯ ನಿಂತುಹೋಗುತ್ತದೆ, ಎರಡೂ ಕಲ್ಲಿನಂತೆ ಗಟ್ಟಿಯಾಗುತ್ತವೆ. ಇನ್ನು, ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇದು ಉಪಕಾರ ಅಲ್ಲ, ರಸ್ತೆ ನಿಯಮ.

ಮಂಜು ಕವಿದರೆ ಹೈಬೀಮ್ ಹಾಕಬೇಡಿ. ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋಬೀಮ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವುದೂ ಬೇಡ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ಗೊತ್ತಾಗುವುದಿಲ್ಲ. ಅದು ಕೆಟ್ಟು ನಿಂತ ಗಾಡಿಗೆ ಇರುವ ಸಂಕೇತ.

ಇಷ್ಟಾದರೂ ಜಾರಿದರೆ?

ಇದನ್ನು ನಿಧಾನವಾಗಿ ಕೇಳಿ. ಜಾರುವ ಬಗೆ ಬೇರೆ ಬೇರೆ, ಮಾಡುವ ಕೆಲಸವೂ ಬೇರೆ.

ಮುಂದಿನ ಚಕ್ರ ಜಾರಿದರೆ: ಸ್ಟೀರಿಂಗ್ ತಿರುಗಿಸಿದ್ದೀರಿ, ಆದರೆ ಗಾಡಿ ಕೇಳದೆ ನೇರ ಹೋಗುತ್ತಿದೆ. ಇನ್ನೂ ಹೆಚ್ಚು ತಿರುಗಿಸಲು ಮನಸ್ಸಾಗುತ್ತದೆ, ತಿರುಗಿಸಬೇಡಿ. ಎಕ್ಸಲೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ಸ್ವಲ್ಪ ನೇರ ಮಾಡಿ. ವೇಗ ಇಳಿದು ಚಕ್ರ ನೆಲ ಹಿಡಿದದ್ದು ಕೈಗೆ ತಿಳಿಯುತ್ತದೆ. ಆಗ ಮತ್ತೆ ಮೆಲ್ಲಗೆ ತಿರುಗಿಸಿ.

ಹಿಂದಿನ ಚಕ್ರ ಜಾರಿದರೆ: ಗಾಡಿಯ ಹಿಂಭಾಗ ಬಾಲ ಬೀಸಿದ ಹಾಗೆ ಪಕ್ಕಕ್ಕೆ ಹೋಗುತ್ತದೆ. ಬ್ರೇಕ್ ಮುಟ್ಟಬೇಡಿ. ಎಕ್ಸಲೇಟರ್ ಬಿಡಿ, ಕ್ಲಚ್ ಒತ್ತಿ. ಹಿಂಭಾಗ ಎಡಕ್ಕೆ ಹೋದರೆ ಸ್ಟೀರಿಂಗ್ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಅತಿಯಾಗಿ ತಿರುಗಿಸಬೇಡಿ, ಇಲ್ಲವಾದರೆ ಬಾಲ ಇನ್ನೊಂದು ಕಡೆ ಬೀಸುತ್ತದೆ. ಗಾಡಿ ನೇರವಾಗುತ್ತಿದ್ದಂತೆ ಸ್ಟೀರಿಂಗನ್ನೂ ನೇರಕ್ಕೆ ತನ್ನಿ. ಕಣ್ಣು ಮಾತ್ರ ಚರಂಡಿಯ ಕಡೆ ಬೇಡ, ನೀವು ಹೋಗಬೇಕಾದ ರಸ್ತೆಯ ಕಡೆ ಇರಲಿ. ಕಣ್ಣು ಹೋದ ಕಡೆ ಕೈ ಹೋಗುತ್ತದೆ.

ನಿಮ್ಮ ಗಾಡಿ ಯಾವ ಜಾತಿಯದು ಎಂದು ತಿಳಿದಿರಿ. ಆಲ್ಟೊ, ವ್ಯಾಗನ್-ಆರ್, ಸ್ವಿಫ್ಟ್ ಇವುಗಳಲ್ಲಿ ಇಂಜಿನ್ ಮುಂದಿನ ಚಕ್ರವನ್ನು ತಿರುಗಿಸುತ್ತದೆ. ಓಮ್ನಿ, ಬೊಲೆರೊ, ಟಾಟಾ ಏಸ್ ಇವುಗಳಲ್ಲಿ ಹಿಂದಿನ ಚಕ್ರವನ್ನು. ಹಿಂದೆ ಲೋಡ್ ಇಲ್ಲದ ಏಸ್, ಖಾಲಿ ಓಮ್ನಿ ಹಿಂದಿನಿಂದ ಹಗುರ. ಒದ್ದೆ ತಿರುವಿನಲ್ಲಿ ಎಕ್ಸಲೇಟರ್ ಜೋರಾಗಿ ಕೊಟ್ಟರೆ ಬಾಲ ಬೀಸುವುದು ಬೇಗ. ಸಂತೆಗೆ ಲೋಡ್ ಇಳಿಸಿ ಖಾಲಿ ಬರುವಾಗ ಹೆಚ್ಚು ಜಾಗ್ರತೆ ಬೇಕು ಎಂದು ಇದರಿಂದ ತಿಳಿಯಿತಲ್ಲ?

ಬ್ರೇಕ್ ಹಾಕಿ ಚಕ್ರ ಕಟ್ಟಿಕೊಂಡರೆ: ಇಲ್ಲಿ ಎಬಿಎಸ್ ಇದೆಯೋ ಇಲ್ಲವೋ ಎಂಬುದು ಮುಖ್ಯ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಗಾಡಿಯ ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಎಬಿಎಸ್ ಎಂಬ ಅಕ್ಷರ ಹೊತ್ತಿ ಆರಿದರೆ ಇದೆ ಎಂದು ಅರ್ಥ. ಅಂಥ ಗಾಡಿಯಲ್ಲಿ ಅವಸರಕ್ಕೆ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಿನಡಿ ದಡದಡ ನಡುಗುತ್ತದೆ. ಕೆಟ್ಟುಹೋಯಿತೆಂದು ಹೆದರಿ ಕಾಲು ತೆಗೆಯುವವರೇ ಹೆಚ್ಚು. ತೆಗೆಯಬೇಡಿ, ಅದು ಕೆಲಸ ಮಾಡುವ ಸದ್ದು. ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಿ ಅಡ್ಡ ಬಂದದ್ದನ್ನು ತಪ್ಪಿಸಬಹುದು. ಆದರೆ ಎಬಿಎಸ್ ಇದ್ದರೆ ಜಾರುವುದೇ ಇಲ್ಲ, ಬೇಗ ನಿಲ್ಲುತ್ತದೆ ಎಂಬ ಭರವಸೆ ಬೇಡ.

ಹಳೆಯ ಓಮ್ನಿ, ಮಾರುತಿ 800ರಲ್ಲಿ ಎಬಿಎಸ್ ಇರುವುದಿಲ್ಲ. ಅಲ್ಲಿ ಬ್ರೇಕನ್ನು ಒಂದೇ ಸಲ ತುಳಿಯಬಾರದು. ಒತ್ತಿ, ಚಕ್ರ ಕಟ್ಟಿಕೊಂಡಿತು ಎನಿಸಿದ ಕೂಡಲೇ ಸ್ವಲ್ಪ ಬಿಟ್ಟು, ಮತ್ತೆ ಒತ್ತಿ. ಚಕ್ರ ಉರುಳುತ್ತಿದ್ದರೆ ಮಾತ್ರ ಸ್ಟೀರಿಂಗ್ ಕೇಳುತ್ತದೆ. ಓಡುವ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಚಕ್ರ ಕಟ್ಟಿಕೊಂಡು ಗಾಡಿ ಸುತ್ತುತ್ತದೆ.

ನೀರಿನ ಮೇಲೆ ತೇಲಿದರೆ: ಹೆದ್ದಾರಿಯಲ್ಲಿ ನೀರು ನಿಂತಲ್ಲಿ ವೇಗವಾಗಿ ಹೋದರೆ ಟಯರ್ ನೀರನ್ನು ತಳ್ಳಲಾಗದೆ ಅದರ ಮೇಲೆಯೇ ಹೋಗುತ್ತದೆ. ಸ್ಟೀರಿಂಗ್ ತಟ್ಟನೆ ಹಗುರ ಎನಿಸುತ್ತದೆ. ಬ್ರೇಕ್ ಬೇಡ, ಸ್ಟೀರಿಂಗ್ ನೇರ ಹಿಡಿಯಿರಿ, ಎಕ್ಸಲೇಟರ್ ಮೆಲ್ಲಗೆ ಬಿಡಿ. ವೇಗ ಇಳಿದಂತೆ ಟಯರ್ ಮತ್ತೆ ರಸ್ತೆ ಮುಟ್ಟುತ್ತದೆ.

ಕೆಸರಲ್ಲಿ ಹೂತರೆ: ಜೋರಾಗಿ ರೇಸ್ ಮಾಡಿದಷ್ಟೂ ಗುಂಡಿ ಆಳವಾಗುತ್ತದೆ. ಚಕ್ರದ ಮುಂದೆ ಗೋಣಿ, ಸೋಗೆ, ಸಣ್ಣ ಕಲ್ಲು ಹಾಕಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ. ತಳ್ಳುವವರು ತಿರುಗುವ ಚಕ್ರದ ನೇರಕ್ಕೆ ನಿಲ್ಲಬಾರದು.

ಸೇತುವೆಯ ಮೇಲೆ ನೀರು ಹರಿಯುವಾಗ

ನಮ್ಮಲ್ಲಿ ಮುಳುಗು ಸೇತುವೆಗಳು ಇನ್ನೂ ಇವೆ. "ಮೊಣಕಾಲಿನಷ್ಟೂ ಇಲ್ಲ, ದಾಟಬಹುದು" ಎನ್ನುವವರು ದಡದಲ್ಲಿ ಯಾವಾಗಲೂ ಸಿಗುತ್ತಾರೆ. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ಎತ್ತಿ ಪಕ್ಕಕ್ಕೆ ತಳ್ಳಬಹುದು. ಕೆಂಪು ನೀರಿನ ಕೆಳಗೆ ಸೇತುವೆ ಕೊಚ್ಚಿಹೋಗಿದೆಯೋ ಇದೆಯೋ ಕಾಣುವುದಿಲ್ಲ. ಆದ್ದರಿಂದ ಹರಿಯುವ ನೀರಿಗೆ ಗಾಡಿ ಇಳಿಸಬೇಡಿ, ತಿರುಗಿಸಿ. ರಸ್ತೆಯಲ್ಲಿ ನಿಂತ ಸ್ವಲ್ಪ ನೀರು ದಾಟಿದರೂ ಆಮೇಲೆ ನಿಧಾನವಾಗಿ ಹೋಗುತ್ತಾ ಎರಡು ಮೂರು ಸಲ ಬ್ರೇಕನ್ನು ಹಗುರವಾಗಿ ಒತ್ತಿ. ಒದ್ದೆಯಾದ ಬ್ರೇಕ್ ಒಣಗಬೇಕು.

ಅಭ್ಯಾಸ ಹೇಗೆ?

ಕೇಳಿದರೆ ಸಾಲದು, ಕಾಲು ಕಲಿಯಬೇಕು. ಮಳೆ ಬಂದು ನಿಂತ ಒಂದು ದಿನ ಶಾಲೆಯ ಮೈದಾನಕ್ಕೆ ಒಪ್ಪಿಗೆ ಕೇಳಿ, ಮಕ್ಕಳು, ದನಕರು ಇಲ್ಲದ ಹೊತ್ತಿನಲ್ಲಿ ಹೋಗಿ. ಪಕ್ಕದಲ್ಲಿ ಅನುಭವ ಇರುವ ಲೈಸೆನ್ಸ್‌ದಾರರು ಇರಲಿ, ಹಿಂದೆ ಯಾರೂ ಬೇಡ. 20ರ ವೇಗದಲ್ಲಿ ಬಂದು ಒಂದು ಗುರುತಿನ ಹತ್ತಿರ ಬ್ರೇಕ್ ಒತ್ತಿ. ಎಷ್ಟು ಹೆಜ್ಜೆ ಮುಂದೆ ನಿಂತಿತು ಎಂದು ಇಳಿದು ಅಳೆಯಿರಿ. ಆಮೇಲೆ 30ರಲ್ಲಿ ಮಾಡಿ, ಅಳೆಯಿರಿ. ನಾನು ಹೇಳಿದ ಲೆಕ್ಕ ನಿಮ್ಮ ಕಣ್ಣಿಗೇ ಕಾಣುತ್ತದೆ. ಎಬಿಎಸ್ ಇದ್ದರೆ ಪೆಡಲ್ ನಡುಗುವುದು ಕಾಲಿಗೆ ಪರಿಚಯವಾಗಲಿ. ನಾಲ್ಕು ಗೋಣಿಚೀಲ ಸಾಲಾಗಿ ಇಟ್ಟು ಅವುಗಳ ನಡುವೆ ನಿಧಾನವಾಗಿ ಹಾವಿನ ಹಾಗೆ ಓಡಿಸಿ. ಬೇಕೆಂದೇ ಜಾರಿಸಿ ನೋಡುವ ಆಟ ಬೇಡ. ಎಲ್ ಬೋರ್ಡ್ ಇರುವವರು ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ. ಕಲಿಸುವವರು ಪಕ್ಕದಲ್ಲಿ ಇರುವಾಗಲೇ ಒದ್ದೆ ರಸ್ತೆಯನ್ನೂ ಕಲಿಯಿರಿ.

ಬೇಡ ಎನ್ನುವ ಧೈರ್ಯ

ಈಗ ಹೇಳುವುದು ಎಲ್ಲಕ್ಕಿಂತ ಮುಖ್ಯ. ಇಷ್ಟು ಕಲಿತ ಹೆಂಗಸೂ ಒಂದು ಕಡೆ ಸೋಲುತ್ತಾಳೆ. ಹಿಂದಿನ ಲಾರಿ ಹಾರ್ನ್ ಹೊಡೆಯುತ್ತದೆ. ಬಾಡಿಗೆಗೆ ಕೂತವರು "ಸ್ವಲ್ಪ ಬೇಗ ಹೋಗಮ್ಮ, ಗಂಡಸರಾದ್ರೆ ಇಷ್ಟೊತ್ತಿಗೆ ಮುಟ್ಟಿಸ್ತಿದ್ರು" ಎನ್ನುತ್ತಾರೆ. ಮನಸ್ಸಿಗೆ ಚುಚ್ಚುತ್ತದೆ, ಕಾಲು ತನ್ನಿಂತಾನೇ ಒತ್ತುತ್ತದೆ. ಸ್ಟೀರಿಂಗ್ ನಿಮ್ಮ ಕೈಯಲ್ಲಿದ್ದರೂ ಆಗ ಗಾಡಿ ಓಡಿಸುವುದು ಬೇರೆಯವರ ಮಾತು.

ಲಾರಿಗೆ ಜಾಗ ನೋಡಿ ದಾರಿ ಬಿಡಿ, ಹೋಗಲಿ. ಬಾಡಿಗೆಯವರಿಗೆ "ನಿಮ್ಮನ್ನು ಮುಟ್ಟಿಸುವ ಜವಾಬ್ದಾರಿ ನನ್ನದು, ನಿಧಾನವಾಗಿಯೇ ಹೋಗುವುದು" ಎಂದು ನಗುತ್ತಾ ಹೇಳಿ. ಮಳೆ ಅತಿಯಾಗಿ ರಸ್ತೆಯೇ ಕಾಣದಿದ್ದರೆ, ಮರ ಮತ್ತು ಗುಡ್ಡದ ಅಡಿ ಅಲ್ಲದ ಸುರಕ್ಷಿತ ಜಾಗದಲ್ಲಿ, ರಸ್ತೆಯಿಂದ ಪೂರ್ತಿ ಕೆಳಗೆ ನಿಲ್ಲಿಸಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ, 2024ರ ಜುಲೈನಲ್ಲಿ ಶಿರಾಡಿ ಘಾಟಿ ಭೂಕುಸಿತದಿಂದ ಬಂದ್ ಆದದ್ದು ನೆನಪಿದೆಯಲ್ಲ? ಘಾಟಿ ಬಂದ್ ಎಂದು ಆಡಳಿತ ಹೇಳಿದ ದಿನ ಒಳದಾರಿ ಹುಡುಕುವುದು ಜಾಣತನ ಅಲ್ಲ. "ಇವತ್ತು ನಾನು ಓಡಿಸೋದಿಲ್ಲ" ಎನ್ನುವುದು ಕೂಡ ಗಾಡಿಯ ಹಿಡಿತವೇ. ಅದನ್ನು ಹೇಳುವುದು ಹೆದರಿದವಳಲ್ಲ, ಓಡಿಸಲು ಗೊತ್ತಿರುವವಳು.

ಆದರೆ ಒಬ್ಬಳೇ ಬೇಡ ಎನ್ನುವುದು ಸುಲಭ ಅಲ್ಲ. ಸಾಲದ ಕಂತು ಕಟ್ಟಬೇಕು, ಬಾಡಿಗೆ ಬಿಟ್ಟರೆ ಆ ದಿನದ ದುಡ್ಡು ಹೋಯಿತು. ಇಲ್ಲಿ ಸಂಘ ಜೊತೆಗೆ ನಿಲ್ಲಬೇಕು. ನಾಲ್ಕು ವಿಷಯ ನಿಮ್ಮ ಮುಂದಿಡುತ್ತೇನೆ, ವಾರದ ಸಭೆಯಲ್ಲಿ ಚರ್ಚಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಒಂದು, ಟಯರ್ ಮತ್ತು ಬ್ರೇಕ್ ರಿಪೇರಿಗೆ ಕೇಳಿದ ಸಾಲವನ್ನು ತುರ್ತು ಸಾಲವೆಂದು ಪರಿಗಣಿಸಿ. ಮದುವೆ ಖರ್ಚಿಗೆ ಸಾಲ ಕೊಡುವ ನಾವು ಬೋಳು ಟಯರಿಗೆ ಕೊಡದಿದ್ದರೆ ಹೇಗೆ?

ಎರಡು, ಭಾರೀ ಮಳೆಯ ವಾರದಲ್ಲಿ ಬಾಡಿಗೆ ಇಲ್ಲದೆ ಕಂತು ತಡವಾದರೆ ಸದಸ್ಯೆಯ ಮಾತು ಕೇಳಿ, ಒಂದು ವಾರ ಸಮಯ ಕೊಡಿ.

ಮೂರು, ಸಭೆಗೆ ತಡವಾಗಿ ಬಂದರೆ ದಂಡ ಹಾಕುವ ಪದ್ಧತಿ ನಮ್ಮಲ್ಲಿದೆ. ಜೋರು ಮಳೆಯ ದಿನ ಆ ದಂಡ ಬೇಡ. ಐದೋ ಹತ್ತೋ ರೂಪಾಯಿ ಉಳಿಸಲು ಯಾರೂ ಒದ್ದೆ ತಿರುವಿನಲ್ಲಿ ಅವಸರ ಮಾಡಬಾರದು.

ನಾಲ್ಕು, ಊರಿನ ಯಾವ ತಿರುವಿನಲ್ಲಿ ಪಾಚಿ ಇದೆ, ಎಲ್ಲಿ ಚರಂಡಿ ಕಟ್ಟಿ ನೀರು ರಸ್ತೆಗೆ ಬರುತ್ತದೆ ಎಂದು ಪಟ್ಟಿ ಮಾಡಿ, ಗ್ರಾಮಸಭೆಯಲ್ಲಿ ಬರಹದಲ್ಲಿ ಕೊಡಿ. ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ.

ಅವಘಡ ಕಂಡರೆ

ಕೊನೆಯದಾಗಿ, ದಾರಿಯಲ್ಲಿ ಗಾಡಿ ಜಾರಿ ಬಿದ್ದದ್ದು ಕಂಡರೆ ಪೊಲೀಸ್, ಕೋರ್ಟು ಎಂದು ಹೆದರಿ ಮುಂದೆ ಹೋಗಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ನಿಮ್ಮ ಹೆಸರು ಹೇಳಲೇಬೇಕೆಂದು ಒತ್ತಾಯ ಮಾಡುವಂತಿಲ್ಲ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಜಾಗದ ಗುರುತು ಸರಿಯಾಗಿ ಹೇಳಿ. ಹಿಂದಿನಿಂದ ಬರುವ ಗಾಡಿಗಳಿಗೆ ತಿರುವಿಗಿಂತ ಮೊದಲೇ ಕಾಣುವಂತೆ ಸೊಪ್ಪಿನ ಕೊಂಬೆ ಇಡಿ ಅಥವಾ ಸುರಕ್ಷಿತ ಬದಿಯಲ್ಲಿ ಒಬ್ಬರು ನಿಂತು ಸೂಚನೆ ಕೊಡಲಿ. ನಿಮ್ಮ ಗಾಡಿಯ ವಿಮೆ, ಡಿಎಲ್ ಎರಡೂ ಚಾಲ್ತಿಯಲ್ಲಿ ಇದೆಯೇ ಎಂದು ಇವತ್ತೇ ಮನೆಗೆ ಹೋಗಿ ನೋಡಿ. ವಿಮೆ ಇಲ್ಲದ ಒಂದು ಅಪಘಾತ ವರ್ಷಗಳ ಉಳಿತಾಯವನ್ನು ನುಂಗುತ್ತದೆ.

ಅಕ್ಕ ತಂಗಿಯರೇ, ಸಂಘ ಸೇರಿದ ಹೊಸದರಲ್ಲಿ ಬ್ಯಾಂಕಿನ ಚಲನ್ ತುಂಬಲೂ ನಮಗೆ ಕೈ ನಡುಗುತ್ತಿತ್ತು. ಕಲಿತೆವು. ಇದನ್ನೂ ಕಲಿಯೋಣ. ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಗಾಡಿಯ ನಾಲ್ಕು ಟಯರ್ ನೋಡಿಕೊಂಡು ಬನ್ನಿ. ಅಲ್ಲಿಂದಲೇ ಚರ್ಚೆ ಶುರು ಮಾಡೋಣ. ಗಾಡಿ ಇಲ್ಲದವರು ನೀವು ಹತ್ತುವ ಜೀಪು, ಆಟೋದ ಟಯರ್ ನೋಡಿ. ಕೇಳುವ ಹಕ್ಕು ಕೂತವರಿಗೂ ಇದೆ.

ಮೆಲ್ಲಗೆ ಹೋಗಿ, ಮನೆ ಮುಟ್ಟಿ.